ಅಟ್ಟದ ಕಾಯಿಯೂ ಭಾನುವಾರದ ಆಟವೂ

ಭಾನುವಾರ ನಾಲ್ಕರಿಂದ ಐದು ಗಂಟೆ. ಹಿರಿಯರು ಕೂತು ಮಾಡಿದ ತೀರ್ಮಾನದಲ್ಲಿ ಪರಮೇಶನ ಪಾಲಿಗೆ ಮಗಳು ವರ್ಷಿಣಿ ಸಿಕ್ಕಿದ್ದು ಅಷ್ಟೇ ಹೊತ್ತು. ಹೆಂಡತಿ ಅವಳನ್ನು ಕರೆದುಕೊಂಡು ತುಮಕೂರಿನ ತವರು ಸೇರಿ ಎರಡು ವರ್ಷವಾಗಿತ್ತು. ಹೋದದ್ದಕ್ಕೆ ಹೆಂಡತಿಯನ್ನು ಅನ್ನುವಂತಿರಲಿಲ್ಲ. ಕುಡಿದು ಬಂದು ಮನೆಯ ಸಾಮಾನೆಲ್ಲ ಒಡೆದವನು ಇವನೇ. ಈಗ ಕುಡಿತ ಬಿಟ್ಟಿದ್ದ; ಬಿಟ್ಟಿದ್ದನ್ನು ಯಾರೂ ನಂಬಿರಲಿಲ್ಲ, ಅದು ಬೇರೆ ಮಾತು.

ಫೋನಿನಲ್ಲಿ ಹದಿಮೂರರ ಹುಡುಗಿ ಹ್ಞೂಂ, ಉಹುಂ ಬಿಟ್ಟು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ಅವಳ ಹತ್ತಿರ ಇರುವಂಥದೇ ವಿಡಿಯೋ ಗೇಮ್ ಪೆಟ್ಟಿಗೆ ತಂದು ಟಿವಿಗೆ ಸಿಕ್ಕಿಸಿ, ನಲವತ್ತೆರಡರ ಗಂಡಸು ಮಕ್ಕಳಾಟ ಕಲಿತ. ಇವನು ಅರಳಗುಪ್ಪೆಯಲ್ಲಿ, ಅವಳು ತುಮಕೂರಿನಲ್ಲಿ; ಇಬ್ಬರೂ ಸೇರಿ ಟಿವಿಯ ಒಳಗೊಂದು ಮನೆ ಕಟ್ಟುವ ಆಟ.

ಹತ್ತು ನಿಮಿಷ ಆಡುವಷ್ಟರಲ್ಲಿ ಸಿಗ್ನಲ್ ಕೈಕೊಡುತ್ತಿತ್ತು. ಆಟದ ಗೊಂಬೆ ನಿಂತಲ್ಲೇ ನಿಲ್ಲುತ್ತಿತ್ತು, ಮಾತು ತುಂಡಾಗುತ್ತಿತ್ತು. "ಕಟ್ ಆಗ್ತಿದೆ ಪಪ್ಪಾ, ಮುಂದಿನ ವಾರ ಆಡೋಣ" ಎಂದು ಅವಳು ಹೋಗಿಬಿಡುತ್ತಿದ್ದಳು. ಉಳಿದ ಐವತ್ತು ನಿಮಿಷ ಇವನು ರೂಟರಿಗೆ ಶಾಪ ಹಾಕುತ್ತ ಕೂರುತ್ತಿದ್ದ.

ಕೇಬಲ್ಲು ಹೆಂಚಿನ ಸಂದಿಯಿಂದ ಬಂದಿದ್ದರಿಂದ ರೂಟರು ಸೂರಿನ ತೊಲೆಯ ಮೇಲಿತ್ತು, ಟಿವಿ ಕೆಳಗಿತ್ತು, ನಡುವೆ ಕೊಬ್ಬರಿಗೆಂದು ತೆಂಗಿನಕಾಯಿ ತುಂಬಿದ ಅಟ್ಟ. ಕೆಳಕ್ಕೆ ಎಳೆದ ವೈರನ್ನು ಅಟ್ಟದ ಇಲಿಗಳು ಎರಡು ಸಲ ಕಡಿದು ಹಾಕಿದ್ದವು. ಕೇಬಲ್ಲಿನ ಜ್ಞಾನೇಶ್ ಬಂದು ಏನೇನೋ ಬದಲಿಸಿ ನೋಡಿ, ಕೊನೆಗೆ ಅಟ್ಟದ ಕಡೆ ಕತ್ತೆತ್ತಿದ.

"ಕಾಯಿ ಹಾಕಿ ಎಷ್ಟು ತಿಂಗ್ಳಾಯ್ತಣ್ಣ?"

"ಐದು."

"ಹಂಗಾದ್ರೆ ಒಳಗೆ ಇನ್ನೂ ನೀರೈತೆ. ನೀರು ಸಿಗ್ನಲ್ಲನ್ನ ಬುಡಾಕಿಲ್ಲ ಕಣಣ್ಣ. ತಲೆ ಮೇಲೆ ಕೆರೆ ಕಟ್ಕೊಂಡು ಕೂತಿದೀಯ. ಒಣಗೋಗಂಟ ತಡ್ಕೊ, ತಾನೇ ಸರಿಹೋಯ್ತದೆ."

ಒಣಗಿ ಕೊಬ್ಬರಿಯಾಗಲು ಇನ್ನೂ ಆರು ತಿಂಗಳು. ಪರಮೇಶ ತಡೆದುಕೊಳ್ಳುವ ಜೀವವೇ ಅಲ್ಲ. ಅಟ್ಟಕ್ಕೇರಿಸಿದ ಕಾಯನ್ನು ನೀರು ಬತ್ತುವ ಮುಂಚೆ ಇಳಿಸಿದರೆ ಒಳಗೇ ಕೊಳೆಯುತ್ತದೆ ಎನ್ನುವುದು ಈ ಸೀಮೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ಇವನಿಗೂ ಗೊತ್ತಿತ್ತು. ಆದರೂ ಏಣಿ ತಂದ. ತಾಯಿ ಶಿವರುದ್ರಮ್ಮ ಅಡ್ಡ ನಿಂತಳು.

"ಒಂದು ವರ್ಷದ ಫಸಲು ಕಣ್ಲಾ ಅದು. ಹಾಳು ಮಾಡ್ಬ್ಯಾಡ."

"ಕಾಯಿ ಮುಂದಿನ ವರ್ಷವೂ ಬರ್ತದೆ ಕಣವ್ವ. ಅವಳು ಕೈತಪ್ಪಿದ್ರೆ ಮತ್ತೆ ಬರಾಕಿಲ್ಲ."

ಮುದುಕಿ ಮಗನ ಮುಖವನ್ನೇ ನೋಡಿದಳು. ಮೊಮ್ಮಗಳ ದನಿ ಕೇಳದೆ ಅವಳ ಕರುಳೂ ಬೆಂದಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇವನು ಕೊಟ್ಟ ಕಾಯನ್ನು ಕೆಳಗೆ ನಿಂತು ಇಸಿದುಕೊಂಡಳು. ಮೂರು ದಿನ ಇಳಿಸಿದರು. ಅಂಗಳದ ರಾಶಿ ಶುಕ್ರವಾರದ ಮಳೆಗೆ ನೆನೆಯಿತು. ಭಾನುವಾರದ ಹೊತ್ತಿಗೆ ಹುಳಿ ವಾಸನೆ ಬಾಗಿಲವರೆಗೆ ಬಂದಿತ್ತು.

ನಾಲ್ಕು ಗಂಟೆಗೆ ಸಿಗ್ನಲ್ಲು ತುಂಬಿಕೊಂಡು ನಿಂತಿತು. ಗೊಂಬೆಗಳು ಎಲ್ಲೂ ತಡವರಿಸಲಿಲ್ಲ. ಹೆಡ್‌ಫೋನಿನಲ್ಲಿ ತುಮಕೂರಿನ ಮನೆಯ ಫ್ಯಾನಿನ ಸದ್ದೂ ಕೇಳುತ್ತಿತ್ತು. ಪರಮೇಶ ಹಿಗ್ಗಿ ಹೋದ. ಗೋಡೆ ಎಬ್ಬಿಸಿದ, ಬಾಗಿಲು ಕೂರಿಸಿದ, ಸ್ಕೂಲಿನ ಬಗ್ಗೆ ಕೇಳಿದ, ಊಟದ ಬಗ್ಗೆ ಕೇಳಿದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ವರ್ಷಿಣಿಯ ಗೊಂಬೆ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು.

ಆಮೇಲೆ ಅವಳ ಪಿಸುಮಾತು ಕೇಳಿಸಿತು. ಅದು ಇವನಿಗೆ ಆಡಿದ್ದಲ್ಲ.

"ಅಮ್ಮಾ, ಇವತ್ತು ಕಟ್ಟೇ ಆಗ್ತಿಲ್ಲ. ಏನು ಹೇಳಿ ಹೋಗ್ಲಿ? ನಂಗೆ ಭಯ ಆಗ್ತಿದೆ."

ಪರಮೇಶನಿಗೆ ಮಗಳನ್ನು ಕೂಗಿ ಕರೆಯಬೇಕೆನಿಸಿತು, ಕುಡಿತ ಬಿಟ್ಟಿದ್ದೇನೆಂದು ಆಣೆ ಮಾಡಬೇಕೆನಿಸಿತು. ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡ.

"ವರ್ಷಿ, ಇಲ್ಲಿ ಕಟ್ ಆಗ್ತೈತೆ ಕಣವ್ವ. ನಿನ್ನ ಮಾತು ಒಂದೂ ಕೇಳಿಸ್ತಿಲ್ಲ. ಇಟ್ಬುಡು."

ತಾನೇ ಸ್ವಿಚ್ ಆರಿಸಿದ. ಬಾಗಿಲಲ್ಲಿ ಕೂತಿದ್ದ ತಾಯಿ ತಿರುಗಿ ನೋಡಿದಳು.

"ಯಾಕ್ಲಾ, ಇವತ್ತೂ ಬರ್ಲಿಲ್ವಾ ಸಿಗ್ನಲ್ಲು?"

"ಬಂತು ಕಣವ್ವ," ಎಂದ ಪರಮೇಶ. "ಚೆನ್ನಾಗೇ ಬಂತು."