ಎರಡನೆಯ ಪದ್ಯ

ಲಾರಿಯ ಹಿಂಭಾಗವನ್ನು ಕುಲುಮೆಯ ಚಪ್ಪರದೊಳಕ್ಕೆ ಅರ್ಧ ನುಗ್ಗಿಸಿದ ಮೇಲೆಯೇ ನಂಜಪ್ಪನ ಮೂಗಿಗೆ ವಾಸನೆ ಬಡಿಯಿತು. ಇದ್ದಿಲಿನ ಹೊಗೆಯಲ್ಲ, ಸಾಂಬ್ರಾಣಿ. ಇಂಜಿನ್ ಆರಿಸಿ ಇಳಿದ. ಕುಂಟುತ್ತ ಚಪ್ಪರ ದಾಟಿ ಮನೆಯ ಮುಂದಕ್ಕೆ ಬಂದ.

ಮರಿಯಾಚಾರಿಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಹಣೆಗೆ ಗಂಧ, ಕೊರಳಿಗೆ ಸೇವಂತಿಗೆ ಹಾರ.

“ಶುಕ್ರವಾರ ಬಾ ಅಂದಿದ್ರು,” ಎಂದ ನಂಜಪ್ಪ, ಯಾರಿಗೆಂದಿಲ್ಲದೆ. “ಒಂದು ಲೋಡು ಒಡ್ಕಂಡು ಬಾ, ಆಮೇಲೆ ಬಿಗಿ ಆಕ್ಕೊಡ್ತೀನಿ ಅಂದಿದ್ರು. ಬಂದಿವ್ನಿ.”

ಗಂಡನ ಪಕ್ಕದಲ್ಲಿ ಕೂತಿದ್ದ ಪುಟ್ಟಲಕ್ಷ್ಮಮ್ಮ ತಲೆಯೆತ್ತಿದಳು. “ನೆನ್ನೆ ಸಂಜೆ ಎದೆ ಇಡ್ಕಂಡು ಕುಂತ್ರು ಕಣಪ್ಪ. ಏಳ್ಲೇ ಇಲ್ಲ. ನೀನು ಬತ್ತೀಯ ಅಂತ ಮಧ್ಯಾನವೇ ಸ್ಪ್ಯಾನರು ಒರಸಿ ಮಡಗಿದ್ರು.”

ನಂಜಪ್ಪ ಅಲ್ಲೇ ನೆಲದ ಮೇಲೆ ಕೂತ.

ಅವನದು ಅರವತ್ತನೇ ಇಸವಿಗೂ ಮುಂಚಿನ, ಉದ್ದ ಮೂಗಿನ ಲಾರಿ. ಚಿನಕುರಳಿಯ ಕಲ್ಲು ಹೊತ್ತು ಹೊತ್ತು ಹಿಂದಿನ ಎಡಗಡೆ ಕುಲುಕು ತಡೆಯುವ ಕಮಾನು ಪಟ್ಟೆ ಮುರಿದಿತ್ತು. ಅಷ್ಟು ಹಳೆಯ ಗಾಡಿಗೆ ಅಂಗಡಿಯಲ್ಲಿ ಪಟ್ಟೆ ಸಿಗುವುದಿಲ್ಲ. ಪಾಂಡವಪುರದ ಮರಿಯಾಚಾರಿಯ ಕುಲುಮೆಯಲ್ಲೇ ಕಾಯಿಸಿ, ಬಡಿದು, ಬಾಗಿಸಿ ಮಂಗಳವಾರ ಕೂರಿಸಿ ಕೊಟ್ಟಿದ್ದರು. ಹೊಸ ಪಟ್ಟೆ ಭಾರ ಹೊತ್ತ ಮೇಲೆ ಒಂದಿಷ್ಟು ಕುಗ್ಗಿ ಅಡಗುತ್ತದೆ. ಅಡಗಿದಾಗ ಅದನ್ನು ಅಚ್ಚಿಗೆ ಕಚ್ಚಿಸಿದ ನಟ್ಟುಗಳು ಸಡಿಲವಾಗುತ್ತವೆ. ಆದ್ದರಿಂದ ಎರಡನೆಯ ಸಲ ಬಿಗಿ ಹಾಕುವ ತನಕ ಕೆಲಸ ಮುಗಿಯಿತೆಂದು ಆಚಾರಿ ಯಾರಿಗೂ ಹೇಳುತ್ತಿರಲಿಲ್ಲ.

ಪುಟ್ಟಲಕ್ಷ್ಮಮ್ಮನ ಅಣ್ಣ ರಂಗಸ್ವಾಮಿ ಬೀದಿಯ ಕಡೆ ನೋಡುತ್ತ ಓಡಾಡುತ್ತಿದ್ದ. “ಹೊಸಹೊಳಲಲ್ಲಿ ಅವ್ರಪ್ಪನ ಮಗ್ಗುಲಲ್ಲೇ ಮಡಗ್ಬೇಕು ಅಂತಿದ್ರು ಭಾವ. ಟ್ರಾಕ್ಟರು ಹೇಳಿವ್ನಿ, ಇನ್ನೂ ಬರ್ಲಿಲ್ಲ.”

“ಟ್ರಾಕ್ಟರಾ?” ನಂಜಪ್ಪ ಮುಖ ಒರಸಿಕೊಂಡ. “ಜೀವಮಾನವೆಲ್ಲ ಊರೋರಿಗೆ ಕುಲುಕ್ದಂಗೆ ಪಟ್ಟೆ ಕಟ್ಕೊಟ್ಟ ಮನ್ಸನ್ನ ಟ್ರೈಲರಲ್ಲಿ ಕುಲುಕ್ಕೊಂಡು ವಯ್ತಿಯಾ? ನನ್ ಲಾರಿ ಐತೆ. ಆದ್ರೆ ಬಿಗಿ ಆಕ್ಬೇಕು. ಇಲ್ದಿದ್ರೆ ನಾನು ಒಂದು ಗಜವೂ ಓಡ್ಸಕಿಲ್ಲ.”

ಜಗಲಿಯ ತುದಿಯಲ್ಲಿ ಒದ್ದೆ ಪಂಚೆಯುಟ್ಟು ನಿಂತಿದ್ದ ಆಚಾರಿಯ ಮಗ ಚಂದ್ರಶೇಖರ ಕತ್ತು ಬಗ್ಗಿಸಿದ. “ಪಟ್ಟಣದಿಂದ ಯಾರ್ನಾದ್ರೂ ಕರೆಸ್ತೀನಿ, ನಂಜಪ್ಪಣ್ಣ.”

“ಯಾಕ್ಲಾ? ನೀನು ಸತ್ತೋಗಿದ್ದೀಯ?”

ಕೂತಿದ್ದವರೆಲ್ಲ ನಂಜಪ್ಪನ ಬಲಗಾಲಿನ ಕಡೆ ನೋಡಿದರು. ಚಂದ್ರಶೇಖರನೂ ನೋಡಿದ.

*

ಬಿಗಿಯ ಅಳತೆಗೆ ಮರಿಯಾಚಾರಿಯ ಹತ್ತಿರ ಯಂತ್ರವಿರಲಿಲ್ಲ, ಎರಡು ಪದ್ಯಗಳಿದ್ದವು. ಮೇಲುಕೋಟೆಯ ಸ್ವಾಮಿಯ ಮೇಲಿನವು. ಅವನಪ್ಪನ ಬಾಯಿಂದ ಬಂದವು. ಮೊದಲನೆಯದರಲ್ಲಿ ಭಕ್ತ ಬೆಟ್ಟ ಹತ್ತುತ್ತಾನೆ, ಎರಡನೆಯದರಲ್ಲಿ ಪಾದ ಮುಟ್ಟುತ್ತಾನೆ. ಒಂದೊಂದಕ್ಕೆ ಆರಾರು ಸಾಲು. ಮೂರನೆಯದೂ ಆರನೆಯದೂ ಉದ್ದ, ಉಳಿದವು ಗಿಡ್ಡ. ಸಾಲಿಗೊಂದು ನಟ್ಟಿನಂತೆ ಎದುರುಬದುರಾಗಿ ಬಿಗಿಯುತ್ತ ಹೋಗುವುದು. ಗಿಡ್ಡ ಸಾಲಿಗೆ ಗಿಡ್ಡ ಎಳೆತ, ಉದ್ದ ಸಾಲಿಗೆ ಉದ್ದ ಎಳೆತ. ಎರಡು ಪದ್ಯ ಮುಗಿಯುವ ಹೊತ್ತಿಗೆ ನಾಲ್ಕು ನಟ್ಟಿಗೂ ಒಂದೊಂದು ಉದ್ದ ಎಳೆತ ದಕ್ಕಿರುತ್ತಿತ್ತು. ಕೊನೆಗೆ ಪ್ರತಿ ನಟ್ಟಿನಿಂದ ಬೋಲ್ಟಿನ ಮೇಲಕ್ಕೆ ಒಂದು ಸುಣ್ಣದ ಗೆರೆ. ನಟ್ಟು ಅಲುಗಿದರೆ ಗೆರೆ ತುಂಡಾಗುತ್ತದೆ.

ಮಗನಿಗೆ ಎಲ್ಲವನ್ನೂ ಕಲಿಸಿದ್ದ. “ಜಾಕಿ ನಂಬ್ಕಂಡು ಗಾಡಿ ಕೆಳಕ್ಕೆ ನುಗ್ಗಬ್ಯಾಡ ಕಣ್ಲಾ, ಅದುಕ್ಕಿರೋದು ಒಂದೇ ಕಾಲು. ದಿಮ್ಮಿ ಕೊಡು.” ಪಟ್ಟೆಯ ತುದಿಯ ಕಣ್ಣಿಗೂ ಚಾಸಿಯ ತೂತಿಗೂ ತಾಳೆ ನೋಡುವಾಗ, “ಬೆರಳಾಕಬ್ಯಾಡ, ಸಲಾಕೆ ಆಕು. ಪಟ್ಟೆ ಸರೀತು ಅಂದ್ರೆ ಬೆರಳು ಅಲ್ಲಿರ್ತದೆ, ನೀನು ಇಲ್ಲಿರ್ತೀಯ.”

ನಾಲ್ಕು ವರ್ಷದ ಹಿಂದೆ, ಆಚಾರಿ ನಾಗಮಂಗಲಕ್ಕೆ ಮದುವೆಗೆ ಹೋಗಿದ್ದ ದಿನ, ಇದೇ ಲಾರಿಗೆ ಚಂದ್ರಶೇಖರನೊಬ್ಬನೇ ಪಟ್ಟೆ ಕೂರಿಸಿದ. ದಿಮ್ಮಿ ಕೊಟ್ಟ, ಸಲಾಕೆ ಹಾಕಿದ. ನಂಜಪ್ಪ ಹಾರನ್ ಒತ್ತುತ್ತಿದ್ದ. “ನಿಮ್ಮಪ್ಪನ ರಾಗ ನಿಂಗ್ಯಾಕ್ಲಾ, ಬೇಗ್ ಬುಡು!” ಮೊದಲ ಪದ್ಯ ಮುಗಿದಾಗ ನಟ್ಟುಗಳೆಲ್ಲ ಗಟ್ಟಿಯಾಗಿಯೇ ಇದ್ದಂತೆ ಕಂಡವು. ಇನ್ನೊಂದು ಪದ್ಯದಲ್ಲಿ ಏನಿದ್ದೀತು ಎನ್ನಿಸಿತು. ಸ್ಪ್ಯಾನರು ಕೆಳಗಿಟ್ಟ.

ಮೇಲುಕೋಟೆಯ ಏರಿನಲ್ಲಿ ಅಚ್ಚು ಸರಿದು ಲಾರಿ ಬಂಡೆಗೆ ಒರಗಿತು. ನಂಜಪ್ಪ ಉಳಿದ, ಕಾಲು ಮೊದಲಿನಂತಾಗಲಿಲ್ಲ.

ಆಚಾರಿ ಮಗನನ್ನು ಬೈಯಲಿಲ್ಲ. “ಎಷ್ಟು ಪದ್ಯ ಏಳ್ದೆ?” ಎಂದು ಮಾತ್ರ ಕೇಳಿದ. ಚಂದ್ರಶೇಖರ ಒಂದು ಬೆರಳು ತೋರಿಸಿದ. ಅಂದಿನಿಂದ ಕಾಯಿಸುವುದು, ಬಡಿಯುವುದು, ಎತ್ತಿ ಕೂರಿಸುವುದು ಎಲ್ಲವೂ ಮಗನದು. ಬಿಗಿ ಹಾಕುವಾಗ ಮಾತ್ರ ಅಪ್ಪ ಕೈ ಚಾಚುತ್ತಿದ್ದ. ಮಗ ಆ ಕೈಗೆ ಸ್ಪ್ಯಾನರು ಕೊಡುತ್ತಿದ್ದ.

*

“ಅವ್ನು ನೀರು ಹುಯ್ಕಂಡವ್ನೆ ಕಣಯ್ಯ,” ಎಂದ ರಂಗಸ್ವಾಮಿ. “ಮಣ್ಣು ಮಾಡೋ ಮಗ. ಈಗ ಓಗಿ ಗ್ರೀಸು ಮುಟ್ಟು ಅಂತೀಯಲ್ಲ, ನಿಂಗೇನು ಬುದ್ಧಿ ನೆಟ್ಟಗೈತಾ?”

“ಅವ್ರಪ್ಪ ಮುಟ್ಟಿದ್ದೂ ಅದೇ ಗ್ರೀಸು.”

“ಸಾಸ್ತ್ರ ಅನ್ನೋದು ಇಲ್ವಾ?”

ಪುಟ್ಟಲಕ್ಷ್ಮಮ್ಮ ಎದ್ದು ಒಳಗೆ ಹೋದಳು. ಹೊರಬಂದಾಗ ಕೈಯಲ್ಲಿ ಉದ್ದ ಹಿಡಿಯ ಸ್ಪ್ಯಾನರು ಇತ್ತು. ಎಣ್ಣೆ ಒರಸಿದ್ದು, ಬೆಳಕಿಗೆ ಮಿನುಗುತ್ತಿತ್ತು. ಮಗನ ಮುಂದೆ ಹಿಡಿದಳು.

“ನನ್ ಕೈಲಾಗಲ್ಲ ಕಣವ್ವ.”

“ನಿಮ್ಮಪ್ಪನ್ನ ಕೂರ್ಸಿ ಪಟ್ಟಣದೋರ ದಾರಿ ಕಾಯ್ಬೇಕಾ?” ಎಂದಳು ಅವ್ವ. “ತಕೋ.”

ಚಂದ್ರಶೇಖರ ನಂಜಪ್ಪನ ಮುಖ ನೋಡಿದ. “ಇವತ್ತು ಹಾರನ್ ಒಡೆಯಕಿಲ್ಲ, ಓಗು,” ಎಂದ ನಂಜಪ್ಪ. ಆಮೇಲೆ ಮೆಲ್ಲಗೆ, “ಅವತ್ತು ಆತುರ ನಂದು ಕಣ್ಲಾ. ಅದನ್ನ ನಿಮ್ಮಪ್ಪಂಗೆ ಏಳ್ಬೇಕು ಅಂತ ನಾಕು ವರ್ಸ ಅಂದ್ಕಂಡೆ.”

ಚಂದ್ರಶೇಖರ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಲಾರಿಯ ಕೆಳಗೆ ಮಲಗಿ ಮೇಲೆ ನೋಡಿದ. ಅಪ್ಪನ ನಾಲ್ಕು ಸುಣ್ಣದ ಗೆರೆಗಳಲ್ಲಿ ಮೂರು ನೆಟ್ಟಗಿದ್ದವು. ನಾಲ್ಕನೆಯದು ರಾಗಿಕಾಳಿನಷ್ಟು ತುಂಡಾಗಿತ್ತು.

ನಟ್ಟಿಗೆ ಸ್ಪ್ಯಾನರು ಕೊಟ್ಟು ಮೊದಲ ಸಾಲು ಹೇಳಿದ. ದನಿ ಬಂತು. ಎರಡನೆಯದೂ ಬಂತು. ಮೂರನೆಯ ಉದ್ದ ಸಾಲಿಗೆ ತೋಳು ತಾನಾಗಿ ಉದ್ದ ಎಳೆಯಿತು. ಆರನೆಯದು ಮುಗಿಯಿತು, ಬೆಟ್ಟ ಹತ್ತಿಯಾಯಿತು. ಎರಡನೆಯ ಪದ್ಯಕ್ಕೆ ಬಾಯಿ ತೆರೆದ. ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ಮತ್ತೊಮ್ಮೆ ತೆರೆದ. ಮುಖದ ಮೇಲೆ ಉದುರುತ್ತಿದ್ದ ಮಣ್ಣು ಕಣ್ಣೀರಿಗೆ ಅಂಟಿಕೊಳ್ಳುತ್ತಿತ್ತು.

ಹೊರಗೆ ಯಾರೋ ಹೇಳಿದರು, “ಆಯ್ತು ಅಂತ ಕಾಣ್ತದೆ. ಎತ್ತುವ ಏಳ್ರಪ್ಪ.”

“ಆಗಿಲ್ಲ,” ಎಂದಿತು ಪುಟ್ಟಲಕ್ಷ್ಮಮ್ಮನ ದನಿ.

ಮೂವತ್ತೈದು ವರ್ಷ ಅವಳು ಒಲೆಯ ಮುಂದೆ ಕೂತು ಗೋಡೆಯ ಆಚೆಯಿಂದ ಆ ಪದ್ಯಗಳನ್ನು ಕೇಳಿದ್ದಳು. ಮೊದಲನೆಯದು ಶುರುವಾದರೆ ಮುದ್ದೆಗೆ ಎಸರಿಡುತ್ತಿದ್ದಳು; ಎರಡನೆಯದು ಮುಗಿದರೆ ಊಟದ ತಣಿಗೆ ತೊಳೆಯುತ್ತಿದ್ದಳು. ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಗಂಡನ ಪಕ್ಕದಲ್ಲಿ ನಿಂತು, ಸೆರಗನ್ನು ಬಾಯಿಂದ ತೆಗೆದು, ಎರಡನೆಯ ಪದ್ಯದ ಮೊದಲ ಸಾಲು ಹೇಳಿದಳು. ರಾಗ ಸರಿಯಾಗಿರಲಿಲ್ಲ. ಉದ್ದ ಗಿಡ್ಡ ಸರಿಯಾಗಿತ್ತು.

ಚಂದ್ರಶೇಖರ ಕೆಳಗಿನಿಂದ ಎಳೆದ. ಅವಳು ಹೇಳಿದಳು, ಅವನು ಎಳೆದ. ಕೊನೆಯ ಉದ್ದ ಸಾಲನ್ನು ಅವಳು ಉಸಿರಿರುವ ತನಕ ಹಿಡಿದಳು. ತುಂಡು ಗೆರೆಯ ನಟ್ಟು ಕಿರ್ರೆಂದು ತಿರುಗಿ ನಿಂತಿತು.

ಅವನು ಕೈ ಮಾತ್ರ ಹೊರಚಾಚಿದ. ಅವ್ವ ತನ್ನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಆ ಕೈಗಿಟ್ಟಳು.

*

ಹೊಸಹೊಳಲಿನ ಹೊಲದ ತನಕ ನಂಜಪ್ಪ ಎರಡನೇ ಗೇರಿನಲ್ಲೇ ಓಡಿಸಿದ. ಕಾಲುವೆಯ ದಿಬ್ಬ ಹತ್ತಿ ಇಳಿದಾಗ ಪುಟ್ಟಲಕ್ಷ್ಮಮ್ಮ ಗಂಡನ ತಲೆಯ ಎರಡೂ ಬದಿ ಅಂಗೈ ಕೊಟ್ಟಿದ್ದಳು. ತಲೆ ಅಲುಗಲಿಲ್ಲ.

ಹೆಣ ಇಳಿಸುವಾಗ ನಂಜಪ್ಪ ಕುಂಟುತ್ತ ಲಾರಿಯ ಹಿಂದಕ್ಕೆ ಹೋಗಿ, ಕೆಟ್ಟ ಕಾಲನ್ನು ನೀಡಿಕೊಂಡು ಬಗ್ಗಿ ನೋಡಿದ. ನಾಲ್ಕೂ ಗೆರೆ ನೆಟ್ಟಗಿದ್ದವು. ಎದ್ದು ಬಂದು ಹೆಗಲು ಕೊಟ್ಟ.

ಗುಂಡಿಯ ಬಳಿ ರಂಗಸ್ವಾಮಿ ತಂಬಿಗೆಯಿಂದ ನೀರು ಬಗ್ಗಿಸಿದ. “ಕೈ ತೊಳ್ಕಳ್ಲಾ. ಬಾಯಿಗೆ ಅಕ್ಕಿ ಆಕ್ಬೇಕು.” ಚಂದ್ರಶೇಖರ ಮಣ್ಣು ಹಚ್ಚಿ ತಿಕ್ಕಿದ. ಗ್ರೀಸು ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಹಾಗೇ ಇತ್ತು. ರಂಗಸ್ವಾಮಿ ಮತ್ತೆ ತಂಬಿಗೆ ಎತ್ತಿದ.

“ಇರ್ಲಿ ಬುಡಣ್ಣ,” ಎಂದಳು ಪುಟ್ಟಲಕ್ಷ್ಮಮ್ಮ.

ಚಂದ್ರಶೇಖರ ಬಗ್ಗಿ ಅಪ್ಪನ ತುಟಿಗೆ ಅಕ್ಕಿ ಇಟ್ಟ. ಬಿಳಿಯ ಕಾಳುಗಳ ಮೇಲೆ ಅವನ ಹೆಬ್ಬೆರಳಿನ ಗುರುತು ಕಪ್ಪಗೆ ಮೂಡಿತ್ತು.