ಓರೆ ಸಾಲಿನ ಕೊನೆಯ ಚೌಕ

ಸುವಾ ಕೆರೆಯ ದಂಡೆಯ ಲೆನ್ಸ್ ಕಾರ್ಖಾನೆಯಲ್ಲಿ ಅಮ್ಮನದು ಗೀರು ಹುಡುಕುವ ಕೆಲಸ. ದಿನವಿಡೀ ಎಡಗಣ್ಣಿಗೆ ಭೂತಗನ್ನಡಿ. ಅಂಥ ಹೆಂಗಸರು ತೊಂಬತ್ತೆರಡು ಮಂದಿ. ಎರಡೂ ಕಣ್ಣಿಟ್ಟು ನೋಡುವ ಸೂಕ್ಷ್ಮದರ್ಶಕ ಕೊಡಿ ಎಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದರು.

ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ. ಹೋದ ವರ್ಷ ಅವರ ಕಣ್ಣುಪರೀಕ್ಷೆಯ ಫಲಿತಾಂಶವನ್ನು ರೈಲಿನಲ್ಲಿ ಕೂತು ಫೋನಿನಲ್ಲೇ ಕೋಷ್ಟಕ ಮಾಡಿದೆ. ಅಡ್ಡಸಾಲು ಬಲಗಣ್ಣು, ಕಂಬಸಾಲು ಎಡಗಣ್ಣು, ಚೆನ್ನಾಗಿ ಕಾಣುವ ಎ ಇಂದ ತೀರಾ ಮಂಜಾದ ಡಿ ವರೆಗೆ ದರ್ಜೆ. ಎರಡೂ ಕಣ್ಣು ಒಂದೇ ದರ್ಜೆಯಾದವರು ಮೂಲೆಯಿಂದ ಮೂಲೆಗೆ ಓರೆಯಾಗಿ ಇಳಿಯುವ ಸಾಲಿಗೆ ಬೀಳುತ್ತಾರೆ. ಅದರ ಆಚೀಚೆ ಬಿದ್ದವರ ಸಂಖ್ಯೆ ಸಮನಾಗಿದ್ದರೆ ನಾನು ಆರಿಸಿದ ಅಳತೆ ಸೊನ್ನೆ, ಎಲ್ಲರೂ ಒಂದೇ ಕಡೆಯಾದರೆ ಒಂದು. ಎಡಗಣ್ಣು ಹೆಚ್ಚು ಮಂಜಾದವರು ಐವತ್ನಾಲ್ಕು, ಬಲಗಣ್ಣು ಹೆಚ್ಚು ಮಂಜಾದವರು ಏಳೇ ಜನ. ಸೂತ್ರಕ್ಕೆ ಹಾಕಿದಾಗ ಅಳತೆ ಹತ್ತಿರ ಹತ್ತಿರ ಅರ್ಧ ಬಂತು, ಸೊನ್ನೆಗೆ ಎಷ್ಟೋ ದೂರ. ಕಣ್ಣು ಕೆಡಿಸುತ್ತಿರುವುದು ಭೂತಗನ್ನಡಿಯೇ ಎಂಬುದಕ್ಕೆ ಪುರಾವೆ ಸಿಕ್ಕಿತೆಂದು ಸೀಟಿನಲ್ಲೇ ಕುಣಿದೆ.

ಕಾರ್ಖಾನೆಯ ಮೇಲ್ವಿಚಾರಕ ಕುರೊಕೋಚಿ ಲೆಕ್ಕ ನೋಡಿ ಒಪ್ಪಿಕೊಂಡರು. ಸೂಕ್ಷ್ಮದರ್ಶಕ ಬರಲಿಲ್ಲ, ನಿಯಮ ಬಂತು: ಇನ್ನು ಮೇಲೆ ಭೂತಗನ್ನಡಿ ಬಲಗಣ್ಣಿಗೆ.

ಈ ವರ್ಷದ ಪರೀಕ್ಷೆಯಲ್ಲಿ ಎಡಗಣ್ಣು ಹೆಚ್ಚು ಮಂಜಾದವರು ಆರು, ಬಲಗಣ್ಣು ಹೆಚ್ಚು ಮಂಜಾದವರು ಐದು. ಅಳತೆ ಸೊನ್ನೆಯ ಪಕ್ಕಕ್ಕೇ ಬಂದಿತ್ತು. ಗೆದ್ದೆವು ಎಂದು ಎಲ್ಲರಿಗೂ ಸಂದೇಶ ಕಳಿಸಿದೆ. ಕುರೊಕೋಚಿ ಅದನ್ನು ಮುದ್ರಿಸಿ ಊಟದ ಕೋಣೆಯ ಗೋಡೆಗೆ ಅಂಟಿಸಿ, ಸೂಕ್ಷ್ಮದರ್ಶಕದ ಅಗತ್ಯ ಇನ್ನಿಲ್ಲ ಎಂದು ಕೆಳಗೆ ಬರೆದರು.

ಅಮ್ಮನ ಗೆಳತಿ ಹಮಾದೆ ಸಾನ್ ನಮ್ಮ ಮನೆಗೆ ಬಂದಾಗ ಹೊಸಿಲು ಎಡವಿದರು. ಸಾವರಿಸಿಕೊಂಡು ನಕ್ಕರು.

"ನಿನ್ ಮಗಳು ಮಿನೋರಿ ಲೆಕ್ಕದಲ್ಲಿ ನಾವೆಲ್ಲ ವಾಸಿ ಆಗ್ಬಿಟ್ಟಿದೀವಂತೆ ಕಣೇ. ನನ್ ಕಣ್ಣಿಗೆ ಮಾತ್ರ ಯಾರೂ ಹೇಳಿಲ್ಲ."

ಆಗ ಇಡೀ ಕೋಷ್ಟಕ ತೆರೆದು ನೋಡಿದೆ. ಓರೆ ಸಾಲಿನಲ್ಲೇ ಎಂಬತ್ತೊಂದು ಜನ. ಅದರ ಕೊನೆಯ ಚೌಕದಲ್ಲಿ, ಎರಡೂ ಕಣ್ಣು ಡಿ ಆದವರು, ನಲವತ್ತಮೂರು. ಒಂದೇ ಕಣ್ಣು ಕೆಟ್ಟಿದ್ದವರಿಗೆ ಇನ್ನೊಂದೂ ಕೆಟ್ಟು ಕೋಷ್ಟಕ ಸಮವಾಗಿತ್ತು. ನನ್ನ ಅಳತೆ ಓರೆ ಸಾಲನ್ನು ನೋಡುವುದೇ ಇಲ್ಲ. ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು.

ಕುರೊಕೋಚಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಚಹಾ ಮುಂದೆ ತಳ್ಳಿದರು.

"ಹೋದ್ ವರ್ಷ ಈ ಅಳತೆ ನಂಬಿ ಅಂದೋರು ನೀವೇ ಅಲ್ವಾ?"

ಗೋಡೆಯ ಹಾಳೆ ಅಲ್ಲೇ ಉಳಿಯಿತು.

ಸಂಜೆ ಅಮ್ಮ ನನ್ನ ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿದಳು.

"ಇದ್ರಲ್ಲಿ ನಾನೆಲ್ಲೇ?"

ಅವಳ ಬೆರಳು ಹಿಡಿದು ಕೊನೆಯ ಚೌಕದ ಮೇಲಿಟ್ಟೆ.

"ತುಂಬ ಜನ ಇದೀವಾ?"

"ಹೂಂ ಅಮ್ಮ."

ಅವಳು ಬೆರಳು ತೆಗೆಯಲಿಲ್ಲ. ಪರದೆ ತಾನಾಗಿ ಆರಿತು. ಅದು ಅವಳಿಗೆ ತಿಳಿಯಲೇ ಇಲ್ಲ.