ಕಿರುಬೆರಳು

ಹೊಸ ರೆಕಾರ್ಡಿನ ಪ್ಲಾಸ್ಟಿಕ್ ಹೊದಿಕೆ ಉಗುರಿಗೆ ಬಗ್ಗದಿದ್ದಾಗ ಮಗ ಅದನ್ನು ಹಲ್ಲಿನಿಂದ ಕಿತ್ತ. ಪಕ್ಕದಲ್ಲೇ, ಮುಂದಿನ ಕೋಣೆಯ ನಡುವೆ, ಮುಚ್ಚಳ ತೆಗೆದಿಟ್ಟ ಶವಪೆಟ್ಟಿಗೆಯಲ್ಲಿ ಅಮ್ಮ ಮಲಗಿದ್ದಳು. ಗಾಡಿ ಬಂದು ಬಾಗಿಲಲ್ಲಿ ನಿಂತಾಗಿತ್ತು. ಹೊರಡುವುದು ಹನ್ನೊಂದಕ್ಕೆ, ಇನ್ನು ಅರ್ಧ ಗಂಟೆ.

"ಏನೋ ಅದು?" ಎಂದಳು ಅವನ ತಂಗಿ.

"ಅಮ್ಮನಿಗೆ ಇಷ್ಟದ ಆಲ್ಬಂ ಕಣೇ. ಹೊರಡೋವಾಗ ಹಾಕೋಣ ಅಂತ ಮಾತಾಡಿದ್ವಲ್ಲ."

"ಅದು ಮನೇಲೇ ಇದೆಯಲ್ಲೋ."

"ಮನೇಲಿರೋದು ರಿಜೆಕ್ಟು. ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಒಂದು ಕಿರ್ ಅಂದ್ರೂ ವಾಪಸ್ ಕಳಿಸ್ತಿದ್ದೋಳು ಅಮ್ಮ. ಇವತ್ತಾದ್ರೂ ಅವಳ ಕಿವಿಗೆ ಸರಿಯಾದದ್ದು ಒಂದು ಬೀಳಲಿ."

ಅವನ ಮಾತಿನಲ್ಲೂ ನ್ಯಾಯವಿತ್ತು. ತಂಗಿಯ ಚಿಂತೆ ನಿಜಕ್ಕೂ ರೆಕಾರ್ಡಿನದಾಗಿರಲಿಲ್ಲ. ಅಪ್ಪ ಬೆಳಗಿನಿಂದ ಗೋಡೆ ಬದಿಯ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಮೂವತ್ತೈದು ವರ್ಷ ಬಸ್ಸು ಓಡಿಸಿ, ಸ್ಟಾಪಿಗೊಂದು ತಮಾಷೆ ಮಾಡುತ್ತಿದ್ದ ಮನುಷ್ಯ. ಈಗ ಯಾರು ಏನು ಕೇಳಿದರೂ ಒಂದು "ಹೂಂ". ಅತ್ತಿರಲಿಲ್ಲ, ಪೆಟ್ಟಿಗೆಯ ಹತ್ತಿರ ಒಮ್ಮೆಯೂ ಸುಳಿದಿರಲಿಲ್ಲ. ಕಳಿಸಿಕೊಡುವ ಹೊತ್ತಿಗೂ ಹೀಗೇ ಕೂತುಬಿಟ್ಟರೆ ಆಮೇಲೆ ಆ ಕುರ್ಚಿಯಿಂದ ಅವರನ್ನು ಎಬ್ಬಿಸುವುದು ಹೇಗೆ ಎಂದು ಅವಳಿಗೆ ಹೆದರಿಕೆಯಾಗಿತ್ತು.

*

ಅಮ್ಮ ರೆಕಾರ್ಡು ಕಾರ್ಖಾನೆಯಲ್ಲಿ ಕೇಳುವ ಕೆಲಸದಲ್ಲಿದ್ದಳು. ಗಾಜಿನ ಕೋಣೆಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಅಚ್ಚಿನಿಂದ ಬಂದ ರೆಕಾರ್ಡುಗಳನ್ನು ಕೇಳಬೇಕು. ಐಬು ಕಂಡರೆ ಲೇಬಲ್ಲಿನ ಮೇಲೆ ಕೆಂಪು ಪೆನ್ಸಿಲಿನ ಗೀಟು. ಗೀಟು ಬಿದ್ದದ್ದು ಪುಡಿಯಾಗಿ ಮತ್ತೆ ಅಚ್ಚಿಗೆ ಹೋಗುತ್ತಿತ್ತು. ಕಾರ್ಖಾನೆಯವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಪ್ರೀತಿಯಿಂದಲೋ ಸಿಟ್ಟಿನಿಂದಲೋ, ಅದು ಆವತ್ತಿನ ಗೀಟುಗಳ ಮೇಲೆ ನಿಂತಿರುತ್ತಿತ್ತು.

ಒಬ್ಬನ ರೆಕಾರ್ಡುಗಳನ್ನು ಮಾತ್ರ ಅವಳು ಪುಡಿಯಾಗಲು ಬಿಡುತ್ತಿರಲಿಲ್ಲ. ಆ ದೊಡ್ಡ ಜಾಜ್ ಸ್ಯಾಕ್ಸೊಫೋನ್ ವಾದಕನನ್ನು ಮನೆಯಲ್ಲಿ ಎಲ್ಲರೂ "ಅಮ್ಮನ ಮೇಷ್ಟ್ರು" ಅನ್ನುತ್ತಿದ್ದರು. ಮೇಲಿನವರನ್ನು ಕೇಳಿ, ವರ್ಷಕ್ಕೊಂದರಂತೆ ಅವಳು ಮನೆಗೆ ತಂದದ್ದು ಹನ್ನೊಂದು ಆಲ್ಬಂ, ಹನ್ನೊಂದಕ್ಕೂ ಒಂದೊಂದು ಐಬು. ಕವರಿನ ಮೇಲಿನ ಹೆಸರು ಯಾರಿಗೂ ಬೇಕಿರಲಿಲ್ಲ. ತೂತು ನಡುವಿಗೆ ಬೀಳದೆ ರಾಗವೆಲ್ಲ ಹೊಯ್ದಾಡುವುದು "ಉಯ್ಯಾಲೆ". ಎರಡೂ ಕಡೆ ಒಂದೇ ಬದಿ ಅಚ್ಚಾದದ್ದು "ಅವಳಿ". ಕೊನೆಯವರೆಗೂ ಪಟಪಟ ಅನ್ನುವುದು "ವಾಚಾಳಿ". ಖಾಲಿ ಕುರ್ಚಿಯ ಚಿತ್ರವಿದ್ದದ್ದು "ಮೊಂಡ". ಅವಳಿಗೆ ಎಲ್ಲಕ್ಕಿಂತ ಪ್ರೀತಿ ಈ ಮೊಂಡನ ಮೇಲೆ.

ಮೊಂಡನ ಎರಡನೇ ಬದಿಯಲ್ಲಿ ಒಂದು ನಿಧಾನದ ರಾಗವಿತ್ತು. ಸ್ಯಾಕ್ಸೊಫೋನ್ ಮೇಲೇರಿ, ಇನ್ನೇನು ಇಳಿಯಬೇಕು ಅನ್ನುವಾಗ ಮುಳ್ಳು ಸಿಕ್ಕಿಕೊಳ್ಳುವುದು. ಅದೇ ಮೂರು ಸ್ವರ, ಮತ್ತೆ ಅದೇ ಮೂರು. ಯಾರಾದರೂ ಹೋಗಿ ಮುಳ್ಳಿನ ತೋಳನ್ನು ಮೆಲ್ಲಗೆ ತಟ್ಟಬೇಕು. ಮಕ್ಕಳು ತಟ್ಟಿದರೆ ಮುಳ್ಳು ಹಾರಿ ಮುಂದಿನ ಹಾಡಿಗೇ ಹೋಗಿ ಬೀಳುತ್ತಿತ್ತು. ಹಾಗಾಗಿ ಅಡುಗೆಮನೆಯಿಂದ ಅಮ್ಮನೇ ಬರಬೇಕು. "ಬಂದೆ, ಬಂದೆ" ಅನ್ನುತ್ತ, ಬಾಗಿಲ ಮೊಳೆಯಲ್ಲಿ ನೇತಾಡುವ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಂದು, ಕಿರುಬೆರಳಿನಿಂದ ಒಂದೇ ಒಂದು ಸಲ ತಟ್ಟುವಳು. ರಾಗ ಇಳಿಯುವುದು.

"ಅಂಗಡಿಯಿಂದ ಒಂದು ಒಳ್ಳೇದು ತಂದ್ಕೊಡ್ತೀನಿ ಕಣೇ," ಎಂದಿದ್ದರು ಅಪ್ಪ ಒಮ್ಮೆ.

"ಬೇಡ ರೀ. ಒಳ್ಳೇದನ್ನ ಊರೋರೆಲ್ಲ ಕೇಳ್ತಾರೆ. ಇದನ್ನ ಬೇಡ ಅಂದೋಳು ನಾನು. ನಾನೇ ಸಾಕ್ಬೇಕಲ್ವಾ?"

ಕಳೆದ ವರ್ಷ ಅವಳು ಹಾಸಿಗೆ ಹಿಡಿದ ಮೇಲೆ ತಟ್ಟುವ ಕೆಲಸ ಅಪ್ಪನ ಪಾಲಿಗೆ ಬಂತು. ಒಳಗಿನಿಂದ ಅವಳು ಕೂಗುವಳು: "ರೀ, ಮೊಂಡ ನಿಂತ!" ಅಪ್ಪ ಪೇಪರು ಬಿಟ್ಟು ಏಳುವರು.

*

ಕಾರ್ಖಾನೆಯಲ್ಲಿ ಅಚ್ಚಿನ ಮೆಷೀನು ನಡೆಸುತ್ತಿದ್ದ ಮುದುಕರೊಬ್ಬರು ಕೋಲೂರಿಕೊಂಡು ಬಂದರು. ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡಿದರು, ತುಂಬ ಹೊತ್ತು.

"ಈಗ ಎದ್ದು, 'ಇದೂ ಸರಿಯಿಲ್ಲ, ತಗೊಂಡ್ಹೋಗಿ' ಅಂತಾಳೇನೋ ಅಂತ ನೋಡ್ತಿದೀನಿ," ಎಂದರು. ಮಗಳ ಕಡೆ ತಿರುಗಿದರು. "ಇಪ್ಪತ್ತಾರು ವರ್ಷ ಕಣಮ್ಮ. ಒಂದು ದಿನ ಬಾಯ್ತಪ್ಪಿ ಭೇಷ್ ಅನ್ನಲಿಲ್ಲ."

ಮಗ ಹೊಸ ರೆಕಾರ್ಡನ್ನು ಪ್ಲೇಯರಿನ ಮೇಲಿಟ್ಟು, ಅದೇ ನಿಧಾನದ ರಾಗದ ಮೇಲೆ ಮುಳ್ಳನ್ನು ಇಳಿಸಿದ. ನೀರಿನಷ್ಟು ತಿಳಿಯಾದ ಸದ್ದು. ವಾದಕ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಸ್ಯಾಕ್ಸೊಫೋನ್ ಮೇಲೇರಿತು. ಅಪ್ಪನ ಬೆನ್ನು ನೆಟ್ಟಗಾಯಿತು. ಕುರ್ಚಿಯ ಕೈ ಹಿಡಿದು ಎದ್ದರು, ಕಿರುಬೆರಳು ಮುಂದೆ ಮಾಡಿಕೊಂಡು ಎರಡು ಹೆಜ್ಜೆ ಇಟ್ಟರು.

ಸ್ಯಾಕ್ಸೊಫೋನ್ ತಾನಾಗಿಯೇ ಇಳಿದು, ಯಾರನ್ನೂ ಕರೆಯದೆ ಮುಂದೆ ಹೋಯಿತು. ಅಪ್ಪ ಕೋಣೆಯ ನಡುವೆ ನಿಂತೇ ಇದ್ದರು. ಚಾಚಿದ ಬೆರಳನ್ನು ನೋಡಿಕೊಂಡರು, ಅದನ್ನು ಮಡಚಿದರು, ತಿರುಗಿ ಹೋಗಿ ಕೂತರು.

ಮಗ ಮುಳ್ಳು ಎತ್ತಿದ. ಮುದುಕರು ಆ ರೆಕಾರ್ಡನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

"ಏನೂ ತಪ್ಪಿಲ್ಲ ಇದರಲ್ಲಿ. ಅವಳಾಗಿದ್ರೆ ಪಾಸ್ ಮಾಡಿ, ಕವರಿಗೆ ಹಾಕಿ, ಮರೆತುಬಿಡ್ತಿದ್ಲು."

ಮಗ ಮುಖ ಒರೆಸಿಕೊಂಡ. "ಎಲ್ಲಿಟ್ಟಿದೀಯೇ ಮೊಂಡನ್ನ?" ಎಂದು ತಂಗಿಯನ್ನು ಕೇಳಿದ.

ಅವಳು ಅದನ್ನು ಬೆಳಗ್ಗೆಯೇ ತೆಗೆದಿಟ್ಟಿದ್ದಳು. ಲೇಬಲ್ಲಿನ ಮೇಲೆ ಅಮ್ಮನ ಕೆಂಪು ಗೀಟು ಇನ್ನೂ ಹಾಗೇ ಇತ್ತು. ಅವಳೇ ಮುಳ್ಳಿಟ್ಟಳು. ಚರಪರ ಎಂದು ಶುರುವಾಗಿ, ರಾಗ ಮೇಲೇರಿ, ಸಿಕ್ಕಿಕೊಂಡಿತು. ಮೂರು ಸ್ವರ. ಮತ್ತೆ ಮೂರು ಸ್ವರ.

ಯಾರೂ ಅಲುಗಲಿಲ್ಲ. ಮಗಳು ಅಪ್ಪನ ಕಡೆ ನೋಡಲಿಲ್ಲ. ನೋಡಿದರೆ ಎಲ್ಲಿ ಕೆಡುತ್ತದೋ ಎಂದು ಹೆದರಿ, ತಿರುಗುವ ತಟ್ಟೆಯನ್ನೇ ನೋಡುತ್ತ ನಿಂತಳು.

ಗಾಡಿಯ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಸಾರ್, ಹನ್ನೊಂದಾಯ್ತು. ಅದು... ಸಿಕ್ಕಿಹಾಕ್ಕೊಂಡಿರೋ ಹಾಗಿದೆ."

"ಗೊತ್ತು," ಎಂದ ಮಗ. "ಇರಲಿ ಸ್ವಲ್ಪ."

ಡ್ರೈವರ್ ಹೊರಗೆ ಹೋದ. ಗಾಡಿಯ ಇಂಜಿನ್ ನಿಂತಿತು. ಆಗ ಕುರ್ಚಿ ಕಿರುಗುಟ್ಟಿದ ಸದ್ದಾಯಿತು.

ಅಪ್ಪ ಪ್ಲೇಯರಿನ ಹತ್ತಿರ ಬರಲಿಲ್ಲ. ಪೆಟ್ಟಿಗೆಯ ಹತ್ತಿರ ಹೋದರು. ಆ ದಿನ ಮೊದಲ ಸಲ ಅವಳ ಮುಖ ನೋಡಿದರು. ಅವಳ ಕಿವಿಯ ಮೇಲೆ ಬಿದ್ದಿದ್ದ ಬಿಳಿ ಕೂದಲನ್ನು ಹಿಂದಕ್ಕೆ ಸರಿಸಿದರು.

"ಮೊಂಡ ನಿಂತ ಕಣೇ," ಎಂದರು.

ಮೂರು ಸ್ವರ. ಮತ್ತೆ ಮೂರು ಸ್ವರ. ಅಪ್ಪ ಉತ್ತರಕ್ಕೆ ಕಾದವರಂತೆ ನಿಂತಿದ್ದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ನಡೆದು, ಮೊಳೆಯಲ್ಲಿದ್ದ ಅವಳ ಬಟ್ಟೆ ಎತ್ತಿಕೊಂಡರು. ಕಣ್ಣೀರು ಗಲ್ಲಕ್ಕೆ ಇಳಿದಿತ್ತು. ಅದನ್ನು ಹಾಗೇ ಬಿಟ್ಟು, ಒಣಗಿದ್ದ ಕೈಗಳನ್ನು ಒಂದೊಂದೇ ಬೆರಳಾಗಿ ಒರೆಸಿಕೊಂಡರು.

"ಬಂದೆ, ಬಂದೆ," ಅನ್ನುತ್ತ, ಕಿರುಬೆರಳು ಮುಂದೆ ಚಾಚಿ ಪ್ಲೇಯರಿನತ್ತ ಬಂದರು.